ಹುಡುಗ ದಾರಿಯಲ್ಲಿದಾನೆ!

ಸಿನಿಮಾದಲ್ಲಿ ವಿಮಾನ ಎಷ್ಟು ಬೇಗ ಊರು ಮುಟ್ಟುತ್ತದೆ, ಗಮನಿಸಿದ್ದೀರಾ? ನಾಯಕ ಸೂಟ್‌ಕೇಸ್ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಬಾಗಿಲಲ್ಲಿ ನಿಂತು ಒಂದು ಸಲ ಕೈ ಬೀಸುತ್ತಾನೆ. ಕಟ್! ವಿಮಾನ ಏರುತ್ತದೆ. ಕಟ್! ವಿಮಾನ ಇಳಿಯುತ್ತದೆ. ಎಲ್ಲಾ ಸೇರಿ ಹತ್ತು ಸೆಕೆಂಡು, ಅಂದರೆ ಹದಿನೈದು ಅಡಿ ಫಿಲ್ಮು! 1978ರ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ನಮ್ಮೂರ ಟೆಂಟಿಗೆ ಬಂದಾಗ ವಿಷ್ಣುವರ್ಧನ್-ದ್ವಾರಕೀಶ್ ಜೋಡಿಗೆ ಶಿಳ್ಳೆ ಹೊಡೆದ ನಾವು ಹುಡುಗರು, ಸಿಂಗಪುರ ಅಂದರೆ ಶಿವಮೊಗ್ಗದಿಂದ ಒಂಚೂರು ಆಚೆ ಅಂತಲೇ ನಂಬಿದ್ದೆವು.

ಹದಿನೈದು ಅಡಿ ಅಂತ ನಾನು ಲೆಕ್ಕ ಹೇಳಿದ್ದಕ್ಕೆ ಕಾರಣ ಇದೆ. ನಮ್ಮಪ್ಪ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ಊರು ನ್ಯಾಮತಿ. ಆದರೆ ಟೆಂಟು ಎಲ್ಲಿಗೆ ಹೋದರೆ ಅಪ್ಪ ಅಲ್ಲಿಗೆ. ಆರು ತಿಂಗಳು ಚನ್ನಗಿರಿ ಕಡೆ, ಇನ್ನಾರು ತಿಂಗಳು ಜಗಳೂರು ಕಡೆ. ಅಪ್ಪನಿಗೆ ಹೊತ್ತು ಅಂದರೆ ಗಡಿಯಾರ ಅಲ್ಲ, ಅಡಿ. ಒಂದು ನಿಮಿಷಕ್ಕೆ 90 ಅಡಿ ಫಿಲ್ಮು ಓಡುತ್ತದೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಚಿತ್ರ ಅಂದರೆ 13,500 ಅಡಿ, ಹದಿನಾಲ್ಕು ರೀಲು. ಅನ್ನಕ್ಕೆ ಎಸರಿಟ್ಟು ಅವ್ವ “ಇನ್ನೆಷ್ಟೊತ್ತು?” ಅಂದರೆ ಅಪ್ಪ “ಎರಡು ರೀಲು ತಡಿ” ಅನ್ನೋನು. ನಾವೆಲ್ಲ ಹಾಗೇ ಬೆಳೆದವರು.

ಎಂಬತ್ತರ ದಶಕದಲ್ಲಿ ನಮ್ಮ ಸಾಹುಕಾರರದು ಎರಡು ಟೆಂಟು, ಹೊನ್ನಾಳಿಯಲ್ಲೊಂದು, ನ್ಯಾಮತಿಯಲ್ಲೊಂದು. ಬೆಂಗಳೂರಿನ ಗಾಂಧಿನಗರದಿಂದ ತರಿಸೋ ಪ್ರಿಂಟು ಮಾತ್ರ ಒಂದೇ. ಎರಡಕ್ಕೆ ಬಾಡಿಗೆ ಕೊಡೋ ತಾಕತ್ತು ಅವರಿಗಿರಲಿಲ್ಲ. ಹಾಗಾಗಿ ಹೊನ್ನಾಳಿಯಲ್ಲಿ ಆರೂವರೆಗೆ ಆಟ ಶುರು, ನ್ಯಾಮತಿಯಲ್ಲಿ ಎಂಟೂವರೆಗೆ. ಅಲ್ಲಿ ಇಂಟರ್ವಲ್ ಬಿಟ್ಟ ಕೂಡಲೇ ಮೊದಲ ಏಳು ರೀಲು ಚೀಲಕ್ಕೆ ತುಂಬಿ ಲೂನಾ ಮೇಲೆ ಹದಿನೈದು ಕಿಲೋಮೀಟರ್ ಓಡಿಸಬೇಕು. ಮೂವತ್ತೈದು ನಿಮಿಷ. ಇಲ್ಲಿ ಕೊಟ್ಟು ಮತ್ತೆ ವಾಪಸ್ ಹೊನ್ನಾಳಿಗೆ. ಒಂಬತ್ತೂ ಕಾಲಿಗೆ ಅಲ್ಲಿ ಶುಭಂ. ಉಳಿದ ಏಳು ರೀಲು ಹೇರಿಕೊಂಡು ಬಂದರೆ ಇಲ್ಲಿ ಇಂಟರ್ವಲ್ಲಿಗೆ ಸರಿಯಾಗಿ ಒಂಬತ್ತೂ ಐವತ್ತು. ಆ ಲೂನಾ ಸವಾರ ಬೇರಾರೂ ಅಲ್ಲ, ಈ ಲೇಖನ ಬರೆಯುತ್ತಿರುವ ನಾನೇ!

1984ರಲ್ಲಿ ‘ಕವಿರತ್ನ ಕಾಳಿದಾಸ’ ನಮ್ಮ ಕಡೆ ಬಂತು. ದೊಡ್ಡ ಊರುಗಳಲ್ಲಿ ಅದು ತೆರೆ ಕಂಡು ವರ್ಷ ಕಳೆದಿತ್ತು. ಆದರೆ ಅಣ್ಣಾವ್ರ ಚಿತ್ರಕ್ಕೆ ವರ್ಷದ ಲೆಕ್ಕ ಉಂಟೇ! ನ್ಯಾಮತಿಯಲ್ಲಿ ಹೌಸ್‌ಫುಲ್. ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೊದಲ ಕಂತು ಸರಿಯಾಗಿ ಮುಟ್ಟಿಸಿದೆ. ಎರಡನೇ ಕಂತು ತರಬೇಕಾದಾಗ ಹೊನ್ನಾಳಿ ಟೆಂಟಿನ ಹೊರಗೆ ಗೆಳೆಯರು ಸಿಕ್ಕಿದರು. ಮಂಡಕ್ಕಿ, ಬಿಸಿ ಬಿಸಿ ಮಿರ್ಚಿ. ಚಿತ್ರದ ಮಾತು. ಹತ್ತೇ ನಿಮಿಷ ಅಂದುಕೊಂಡಿದ್ದು ಇಪ್ಪತ್ತಾಯಿತು. ಅಲ್ಲಿಂದ ಬಿಟ್ಟು ಅರ್ಧ ದಾರಿಗೆ ಬಂದರೆ ಟ್ಯೂಬ್ ಪಂಕ್ಚರ್! ಲೂನಾ ತಳ್ಳಿಕೊಂಡು, ಒಬ್ಬ ಪುಣ್ಯಾತ್ಮನ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ನ್ಯಾಮತಿ ಸೇರಿದಾಗ ಹತ್ತೂ ಮುಕ್ಕಾಲು.

ಅಷ್ಟು ಹೊತ್ತು ಟೆಂಟಿನಲ್ಲಿ ಏನಾಯಿತು ಅಂತ ನನಗೆ ಆಮೇಲೆ ಹೇಳಿದವನು ನಮ್ಮ ಗೇಟಿನ ಮಾವ. ಚನ್ನಗಿರಿಯವನು, ಅಪ್ಪನ ಜೊತೆ ಮೂವತ್ತು ವರ್ಷ ಟೆಂಟಿನ ಗೇಟು ಕಾದವನು. ಇಂಟರ್ವಲ್ ಮುಗಿದರೂ ರೀಲಿಲ್ಲ. ಅಪ್ಪ ಮೊದಲು ಸ್ಲೈಡು ಹಾಕಿದ. ಬೀಡಿ, ಹಲ್ಲುಪುಡಿ, ಕುಟುಂಬ ಯೋಜನೆ, ಎಲ್ಲಾ ಎರಡೆರಡು ಸಲ. ಆಮೇಲೆ ಫಿಲ್ಮ್ಸ್ ಡಿವಿಷನ್ನಿನ ಹಳೇ ನ್ಯೂಸ್ ರೀಲು. ಜನ ಅದಕ್ಕೂ ಮಣಿಯಲಿಲ್ಲ. ನೆಲದವರು ಮಣ್ಣು ಎಸೆಯೋಕೆ ಶುರುಮಾಡಿದರು. ಪರದೆ ಹರಿದರೆ ಸಾಹುಕಾರರು ಬಿಡ್ತಾರಾ! ಕೊನೆಗೆ ಅಪ್ಪ ಪ್ರೊಜೆಕ್ಟರ್ ಬಿಟ್ಟು ಕೆಳಗಿಳಿದು ಬಂದು, ಪರದೆ ಮುಂದೆ ನಿಂತು, ಎರಡೂ ಕೈ ಮುಗಿದು ಹೇಳಿದನಂತೆ: “ಹುಡುಗ ದಾರಿಯಲ್ಲಿದಾನೆ. ಬಂದೇ ಬರ್ತಾನೆ.”

ಆ ರಾತ್ರಿ ಅಪ್ಪ ನನಗೆ ಬೈಯಲಿಲ್ಲ. ರೀಲು ಇಸಕೊಳ್ಳುತ್ತಾ ಒಂದೇ ಮಾತು ಕೇಳಿದ. “ಹೊನ್ನಾಳಿ ಎಷ್ಟೊತ್ತಿಗೆ ಬಿಟ್ಟೆ?”

“ಒಂಬತ್ತೂ ಕಾಲಿಗೇ ಬಿಟ್ಟೆ. ಪಂಕ್ಚರ್ ಆತು.”

ಅಪ್ಪ ಏನೂ ಅನ್ನದೆ ಹೆಗಲ ಮೇಲಿನ ಟವೆಲ್ ತೆಗೆದು, ರೀಲಿನ ಡಬ್ಬದ ಮೇಲೆ ಅಂಟಿದ್ದ ಮಿರ್ಚಿ ಎಣ್ಣೆಯ ಬೆರಳಚ್ಚುಗಳನ್ನು ಒಂದೊಂದಾಗಿ ಒರೆಸಿದ.

ಇರಲಿ. ಟೆಂಟಿನ ಕಾಲ ಮುಗಿಯಿತು. ಟಿವಿ ಬಂತು, ವಿಡಿಯೋ ಬಂತು, ಸಾಹುಕಾರರು ಟೆಂಟಿನ ಬಟ್ಟೆಯನ್ನು ಕಣಕ್ಕೆ ಹಾಸೋಕೆ ಮಾರಿದರು. ನಾನು ಊರಲ್ಲೇ ಸೈಕಲ್ ಶಾಪ್ ಇಟ್ಟೆ, ಈಗ ಅದು ಬೈಕ್ ಶಾಪು. ಪಂಕ್ಚರ್ ಹಾಕೋದೇ ಉದ್ಯೋಗವಾಯಿತು ಅಂತ ಗೇಟಿನ ಮಾವ ನಗಾಡ್ತಿದ್ದ! ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಮಾತ್ರ ಓದಿನಲ್ಲಿ ಚುರುಕು. ದಾವಣಗೆರೆಯಲ್ಲಿ ಇಂಜಿನಿಯರಿಂಗ್, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. 1999ರಲ್ಲಿ ಅಮೆರಿಕಕ್ಕೆ ಹೊರಟೇಬಿಟ್ಟ. ಆಗ ದೇವನಹಳ್ಳಿ ನಿಲ್ದಾಣ ಎಲ್ಲಿತ್ತು? ಅದು ಶುರುವಾಗಿದ್ದು 2008ರಲ್ಲಿ. ಅವನಿಗೆ ಸಿಕ್ಕಿದ್ದು ಬೊಂಬಾಯಿಂದ ಹೊರಡೋ ವಿಮಾನ. ಕಳಿಸಿಕೊಡೋಕೆ ಅಪ್ಪ, ನಾನು ಇಬ್ಬರೂ ಹೋಗಿದ್ದೆವು. ದಾವಣಗೆರೆಯಿಂದ ಬೊಂಬಾಯಿಗೆ ಬಸ್ಸಿನಲ್ಲಿ ಹೆಚ್ಚೂಕಡಿಮೆ ಹದಿನೇಳು ಗಂಟೆ. ಸೊಂಟ ಬಿದ್ದುಹೋಯಿತು. ಆ ‘ಹದಿನೇಳು’ ನಮ್ಮ ಮನೆಯಲ್ಲಿ ಮತ್ತೆ ಕೇಳಿಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು!

2021ರ ಜನವರಿಯಲ್ಲಿ ಎಲ್ಲಾ ಪತ್ರಿಕೆಗಳಲ್ಲೂ ಒಂದು ಸುದ್ದಿ ಬಂತು, ನಿಮಗೂ ನೆನಪಿರಬಹುದು. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ಇಳಿಯದೆ ಸೀದಾ ಬೆಂಗಳೂರಿಗೆ ಬಂತು. ಓಡಿಸಿದವರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಬಂದ ದಾರಿ ಉತ್ತರ ಧ್ರುವದ ಮೇಲೆ! ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟಿದ್ದು, 11ರ ಬೆಳಗಿನ ಜಾವ ಮೂರರ ಮೇಲೆ ಇಲ್ಲಿ ಇಳಿಯಿತು. ಎರಡು ನಿಲ್ದಾಣಗಳ ನಡುವೆ 13,993 ಕಿಲೋಮೀಟರ್.

ಎಂಬತ್ತು ದಾಟಿದ್ದ ಅಪ್ಪ ಜಗಲಿ ಮೇಲೆ ಕೂತು ಇದನ್ನು ಎರಡು ಸಲ ಓದಿದ. “ಏನಲೇ ಇದು? ಒಂಬತ್ತಕ್ಕೆ ಬಿಟ್ಟು ಹನ್ನೊಂದಕ್ಕೆ ಬಂದೈತಿ. ಹದಿನೇಳು ತಾಸು ಅಂತ ಬರ್ದಾರೆ?”

ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ 9ರ ರಾತ್ರಿ ಎಂಟೂವರೆ ಆದಾಗ ನಮಗೆ 10ರ ಬೆಳಗಿನ ಹತ್ತು ಗಂಟೆ. ಅದಕ್ಕೆ ಹದಿನೇಳು ಕೂಡಿಸಿ, ಸರಿಯಾಗಿ ಬೆಳಗಿನ ಜಾವ ಮೂರು. ಈ ಲೆಕ್ಕ ಅಪ್ಪ ಒಪ್ಪಿಕೊಂಡ. ಒಪ್ಪದೇ ಇದ್ದದ್ದು ದಾರಿ. “ಅಮೆರಿಕ ಇರೋದು ಪಡುವಲಿಗೆ. ಇವರು ಬಡಗಲಿಗೆ ಯಾಕೆ ಹೋದ್ರು, ದಾರಿ ತಪ್ಪಿತ್ತಾ?”

ಮಗನ ಫುಟ್‌ಬಾಲ್ ತಂದು ತೋರಿಸಿದೆ. ಬೆಂಗಳೂರಿಗೆ ಒಂದು ಚುಕ್ಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಚುಕ್ಕೆ. ಎರಡೂ ಹೆಚ್ಚೂಕಡಿಮೆ ಚೆಂಡಿನ ಆಚೆ ಈಚೆ. ನಡುವೆ ದಾರ ಬಿಗಿಯಾಗಿ ಹಿಡಿದರೆ ಅದು ತಾನಾಗಿಯೇ ಜಾರಿ ನೆತ್ತಿಯ ಹತ್ತಿರ ಹೋಗಿ ನಿಲ್ಲುತ್ತದೆ. ಅಟ್ಲಾಸಿನ ಹಾಳೆಯ ಮೇಲೆ ಸ್ಕೇಲಿಟ್ಟು ಎಳೆದ ಗೆರೆಯ ದಾರಿಯಲ್ಲೇ ಹಾರಿದರೆ 16,000 ಕಿಲೋಮೀಟರಿಗೂ ಮೇಲಾಗುತ್ತದೆ. ನೋಡೋಕೆ ಅದೇ ನೆಟ್ಟಗಿರೋದು, ಹಾರೋಕೆ ಅದೇ ಸುತ್ತು! ದಾರದ ದಾರಿ ಬಿಟ್ಟು ಧ್ರುವದ ನೆತ್ತಿಯ ಮೇಲೇ ಬಂದರೂ ಹೆಚ್ಚಾಗೋದು 400 ಕಿಲೋಮೀಟರಿಗಿಂತ ಕಡಿಮೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಗಾಳಿ ಅನುಕೂಲ ಇದ್ದರೆ ಅಷ್ಟು ಹೆಚ್ಚು ಹೋಗೋದರಲ್ಲೇ ಎಣ್ಣೆ ಉಳಿಯುತ್ತದಂತೆ.

ಗಾಳಿಯದು ಇನ್ನೊಂದು ಕಥೆ. ನೆಲದಿಂದ ಹತ್ತು-ಹನ್ನೊಂದು ಕಿಲೋಮೀಟರ್ ಮೇಲೆ ಪಡುವಣದಿಂದ ಮೂಡಣಕ್ಕೆ ಹೊಳೆ ಹರಿದಂಗೆ ಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದೂ ಉಂಟು. ಹಾಗಾಗಿ ಅದೇ ಎರಡು ನಿಲ್ದಾಣ, ಅದೇ ವಿಮಾನ, ಆದರೆ ಬೆಂಗಳೂರಿಂದ ಹೋಗುವಾಗ ಹದಿನಾರು ಗಂಟೆಯ ಆಸುಪಾಸು, ಬರುವಾಗ ಹದಿನೇಳರ ಮೇಲೆ. ಬರೋ ದಾರಿಯೇ ಉದ್ದ.

ಅಪ್ಪ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಪರದೆ ಚಪ್ಪಟೆ ಕಣೋ, ಭೂಮಿ ದುಂಡಗೈತಿ. ನಾವು ಪರದೆ ನೋಡಿ ದಾರಿ ಹೇಳ್ತಿದ್ವಿ” ಅಂದ. ಆಮೇಲೆ ಕೇಳಿದ: “ಹದಿನೇಳು ತಾಸು ಅಂದ್ರೆ ಎಷ್ಟು ರೀಲು?”

ಪೇಪರಿನ ಅಂಚಲ್ಲೇ ಲೆಕ್ಕ ಹಾಕಿದೆವು. 91,800 ಅಡಿ. ತೊಂಬತ್ತೆರಡು ರೀಲು. ಫಿಲ್ಮನ್ನು ಬಿಚ್ಚಿ ರಸ್ತೆ ಮೇಲೆ ಹಾಸಿದರೆ 28 ಕಿಲೋಮೀಟರ್, ಹೆಚ್ಚೂಕಡಿಮೆ ಶಿವಮೊಗ್ಗದಿಂದ ನ್ಯಾಮತಿಯವರೆಗೆ! ಅಪ್ಪನಿಗೆ ಇದು ಎಷ್ಟು ಹಿಡಿಸಿತು ಅಂದರೆ, ಮನೆಗೆ ಬಂದವರಿಗೆಲ್ಲ “ನಮ್ಮ ಸಣ್ಣೋನು ಇರೋದು ತೊಂಬತ್ತೆರಡು ರೀಲು ದೂರ” ಅಂತಲೇ ಹೇಳೋನು. 2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ಬೆಂಗಳೂರಿಂದ ಮೊದಲ ವಿಮಾನ ಬಂದಾಗಲಂತೂ ಮಾಳಿಗೆ ಹತ್ತಿ ಕೂತಿದ್ದ. “ಇನ್ನೇನು, ಸಣ್ಣೋನು ಅಂಗಳಕ್ಕೇ ಬಂದಿಳೀತಾನೆ.” ಬೆಂಗಳೂರು-ಶಿವಮೊಗ್ಗ ಗಾಳಿಯಲ್ಲಿ ಒಂದು ಗಂಟೆಯ ಮಾತು. ಆರು ರೀಲು.

ಈಗ ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ.

2019ರಲ್ಲಿ ಒಂದು ಸಲ ಅಪ್ಪ ತೋಟದಲ್ಲಿ ತಲೆ ಸುತ್ತಿ ಬಿದ್ದಿದ್ದ. ನಾನು ಹೆದರಿ, ಅಳ್ತಾ ತಮ್ಮನಿಗೆ ಫೋನು ಮಾಡಿದ್ದೆ. ಅವನು ಸಿಕ್ಕ ಟಿಕೆಟ್ಟು ಸಿಕ್ಕ ಬೆಲೆಗೆ ತಗೊಂಡು ಎರಡೂವರೆ ದಿನಕ್ಕೆ ಬಾಗಿಲಿಗೆ ಬಂದರೆ, ಅಪ್ಪ ಜಗಲಿ ಮೇಲೆ ಕೂತು ಚಾ ಕುಡೀತಿದ್ದ! ಎಲ್ಲರೂ ನಕ್ಕೆವು. ತಮ್ಮನೂ ನಕ್ಕ. ವಾಪಸ್ ಹೋಗೋ ದಿನ ಕಾರು ಹತ್ತುವಾಗ ಮೆಲ್ಲಗೆ ಹೇಳಿದ: “ಅಣ್ಣಾ, ಇನ್ನೊಂದ್ಸಲ ಸ್ವಲ್ಪ ನೋಡ್ಕೊಂಡು ಫೋನ್ ಮಾಡು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಆ ಮಾತು ಮುಳ್ಳು ಮುರಿದಂಗೆ ನನ್ನೊಳಗೆ ಉಳಿದುಬಿಟ್ಟಿತು.

2024ರ ಜನವರಿ. ಒಂದು ಭಾನುವಾರ ಬೆಳಿಗ್ಗೆ ಅಪ್ಪನಿಗೆ ಉಸಿರಾಟಕ್ಕೆ ತೊಂದರೆ ಆಯಿತು. ಊರಿನ ಡಾಕ್ಟರು ಬಂದು ನೋಡಿ, ಚೀಟಿ ಬರೆದು, “ವಯಸ್ಸಾಗಿದೆ. ಮಕ್ಕಳಿಗೆಲ್ಲ ಒಂದು ಮಾತು ತಿಳಿಸಿಬಿಡಿ” ಅಂದರು. ನಾನು ಫೋನು ಕೈಗೆ ತಗೊಂಡೆ. ಇಟ್ಟೆ. ಸ್ವಲ್ಪ ನೋಡ್ಕೊಂಡು ಮಾಡಾಣ ಅಂದೆ. ಸೋಮವಾರ ಅಪ್ಪ ಗಂಜಿ ಕುಡಿದ. ನೋಡಿದ್ಯಾ, ಆರಾಮಾದ ಅಂದುಕೊಂಡೆ. ಅಲ್ಲದೆ ನನ್ನ ತಲೆಯಲ್ಲಿ ಇದ್ದದ್ದು ಅದೇ ಹದಿನೇಳು ಗಂಟೆ. ಬೇಕಾದಾಗ ಕರೆದರೆ ಹದಿನೇಳು ಗಂಟೆಯಲ್ಲಿ ಬರ್ತಾನೆ, ತೊಂಬತ್ತೆರಡು ರೀಲು ತಾನೆ!

ಮಂಗಳವಾರ ಬೆಳಗಿನ ಜಾವ ಅಪ್ಪನನ್ನು ದಾವಣಗೆರೆಗೆ ಸಾಗಿಸಬೇಕಾಯಿತು. ಏಳು ಗಂಟೆಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ ಫೋನು ಮಾಡಿದೆ. ಅವನಿಗಿನ್ನೂ ಸೋಮವಾರ ಸಂಜೆ ಐದೂವರೆ. ಜಗಳೂರಿನ ಅಕ್ಕನಿಗೂ ಹೇಳಿದೆ. ಅಕ್ಕನನ್ನು ಕೊಟ್ಟಾಗ ಜಗಳೂರು ಚಿತ್ರದುರ್ಗ ಜಿಲ್ಲೆ, ನಮ್ಮದು ಶಿವಮೊಗ್ಗ ಜಿಲ್ಲೆ. “ಪರಜಿಲ್ಲೆಗೆ ಕೊಟ್ಟಿರಿ” ಅಂತ ಅವ್ವ ಅತ್ತಿದ್ದಳು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಮೇಲೆ ಎಲ್ಲಾ ಒಂದೇ ಆಯಿತು ಬಿಡಿ. ಏಳೂ ಕಾಲಿಗೆ ಹೇಳಿದ್ದು, ಹತ್ತು ಗಂಟೆಗೆ ಅಕ್ಕ ಅಪ್ಪನ ಮಂಚದ ಪಕ್ಕ ಕೂತಿದ್ದಳು. ದೂರ ಅಂದರೆ ಅಷ್ಟಿರಬೇಕು. ಬಂದವಳೇ ಕೇಳಿದಳು, “ಯಾವಾಗಿಂದ ಹಿಂಗಾತು?”

“ನಿನ್ನೆ ರಾತ್ರಿಯಿಂದ” ಅಂದೆ.

ಅತ್ತ ತಮ್ಮನ ಪಾಡು ಕೇಳಿ. ನೇರ ವಿಮಾನ ಆ ದಿನ ಇಲ್ಲ. ಗಲ್ಫ್ ಮೇಲೆ ಬರೋದು ಆ ದಿನದ್ದು ಹೋಗಿಯಾಗಿತ್ತು. ಸಿಕ್ಕಿದ್ದು ಮಾರನೇ ದಿನ ಅಲ್ಲಿನ ನಾಲ್ಕು ಗಂಟೆಗೆ ಹೊರಡೋದು, ಅಂದರೆ ನಮಗೆ ಬುಧವಾರ ಬೆಳಿಗ್ಗೆ ಐದೂವರೆ. ಫೋನು ಮಾಡಿದ್ದಕ್ಕೂ ಚಕ್ರ ನೆಲ ಬಿಟ್ಟಿದ್ದಕ್ಕೂ ನಡುವೆ ಇಪ್ಪತ್ತೆರಡೂವರೆ ಗಂಟೆ! ಸಿನಿಮಾದ ಕಟ್ ಮಧ್ಯೆ ಏನಿರುತ್ತದೆ ಅಂದಿರಾ? ಇದೇ ಇರುತ್ತದೆ. ರಜೆ ಕೇಳೋದು, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡೋದು, ಕಾಗದ ಪತ್ರ ಹುಡುಕೋದು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ದೀಪ ಹಾಕ್ಕೊಂಡು ಒಬ್ಬನೇ ಕೂರೋದು. ಯಾವ ಡೈರೆಕ್ಟರೂ ಇದಕ್ಕೆ ಫಿಲ್ಮು ಖರ್ಚು ಮಾಡೋದಿಲ್ಲ.

ಮಂಗಳವಾರ ಸಂಜೆ ಅಪ್ಪ ಕಣ್ಣು ಬಿಟ್ಟ. “ಸಣ್ಣೋನು ಎಲ್ಲಿಗೆ ಬಂದ?”

ಅವನಿನ್ನೂ ಮನೆ ಬಿಟ್ಟಿರಲಿಲ್ಲ. ನಾನು ಅಂದೆ: “ವಿಮಾನ ಹತ್ತಿದಾನಪ್ಪಾ. ದಾರಿಯಲ್ಲಿದಾನೆ.”

“ಎಷ್ಟು ರೀಲು ಆತು?”

“ಹತ್ತಾತು.”

ಅಪ್ಪ ತುಟಿಯಲ್ಲೇ ಏನೋ ಎಣಿಸಿದ. ಅಪ್ಪ ಆಡಿದ ಕೊನೇ ಮಾತು ಅದೇ. ರಾತ್ರಿಯಿಂದ ಮಾತು ನಿಂತಿತು. ಬುಧವಾರ ಮಧ್ಯಾಹ್ನ ಡಾಕ್ಟರು “ಮನೆಗೆ ಕರ್ಕೊಂಡು ಹೋಗಿ” ಅಂದರು. ರಾತ್ರಿ ಒಂಬತ್ತೂವರೆಗೆ ತಮ್ಮ ಗಲ್ಫಿನಲ್ಲಿ ಇಳಿದು ಫೋನು ಮಾಡಿದ. ಹದಿನೈದೂ ಮುಕ್ಕಾಲು ಗಂಟೆ ಕೂತು ಬಂದಿದ್ದ, ದನಿ ಒಣಗಿತ್ತು. ಫೋನನ್ನು ಅಪ್ಪನ ಕಿವಿಗೆ ಹಿಡಿದೆ. “ಅಪ್ಪಾ, ಬರ್ತಾ ಇದೀನಿ, ನಾಳೆ ಬರ್ತೀನಿ” ಅಂದದ್ದು ನನಗೂ ಕೇಳಿಸಿತು. ಅಪ್ಪನಿಗೆ ಕೇಳಿಸಿತೋ ಇಲ್ಲವೋ.

ರಾತ್ರಿ ಒಂದೂವರೆಗೆ ಅಪ್ಪ ಹೋದ. ತಮ್ಮ ಆಗ ಆ ನಿಲ್ದಾಣದಲ್ಲಿ ಮುಂದಿನ ವಿಮಾನ ಕಾಯ್ತಾ ಕುರ್ಚಿಯ ಮೇಲಿದ್ದ. ಹೇಳೋದೋ ಬಿಡೋದೋ? “ಒಬ್ಬನೇ ಇದಾನೆ, ಹೇಳಬ್ಯಾಡ” ಅಂದಳು ಅಕ್ಕ. ಹೇಳಲಿಲ್ಲ.

ಬೆಳಗಾಯಿತು. ಊರಿನ ಹಿರಿಯರು ಸೇರಿದರು. ನಮ್ಮ ಕಡೆ ಹೊತ್ತು ಮುಳುಗೋದರೊಳಗೆ ಮಣ್ಣಾಗಬೇಕು. ಹನ್ನೆರಡಕ್ಕೆ ಎತ್ತಾಣ ಅಂದರು. ತಮ್ಮ ಬೆಂಗಳೂರಲ್ಲಿ ಇಳಿದದ್ದು ಎಂಟೂ ಮುಕ್ಕಾಲಿಗೆ. ಹೊರಗೆ ಬರೋಕೆ ಇನ್ನೊಂದು ಗಂಟೆ. ಶಿವಮೊಗ್ಗದ ವಿಮಾನಕ್ಕೆ ಹೊತ್ತು ಮೀರಿತ್ತು. ಅಪ್ಪ ಮಾಳಿಗೆ ಹತ್ತಿ ಕಾದಿದ್ದ ವಿಮಾನ ಬೇಕಾದ ದಿನ ಒದಗಲಿಲ್ಲ. ಕಾರೇ ಗತಿ. ನಿಲ್ದಾಣದಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ಹಿರಿಯೂರು, ಚಿತ್ರದುರ್ಗ. 340 ಕಿಲೋಮೀಟರಿನಷ್ಟು. ಏಳು ಗಂಟೆಗೆ ಕಡಿಮೆ ಇಲ್ಲ. ಗಂಟೆಗೆ 800 ಕಿಲೋಮೀಟರಿನ ಮೇಲೆ ಹಾರಿ ಬಂದ ಮನುಷ್ಯ ಇನ್ನು ಗಂಟೆಗೆ ಐವತ್ತರಂತೆ ಬರಬೇಕು.

ಚಿತ್ರದುರ್ಗದಲ್ಲಿ ಡ್ರೈವರು ಫೋನು ಮಾಡಿ ಕೇಳಿದ: “ಸಾರ್, ಹೊಳಲ್ಕೆರೆ, ಚನ್ನಗಿರಿ ಮೇಲೆ ಬರ್ಲಾ, ದಾವಣಗೆರೆ ಮೇಲೆ ಬರ್ಲಾ? ಮ್ಯಾಪಲ್ಲಿ ಚನ್ನಗಿರಿ ನೆಟ್ಟಗಿದೆ.” ನನಗೆ ಆ ಫುಟ್‌ಬಾಲ್ ನೆನಪಾಯಿತು. “ನೆಟ್ಟಗಿರೋದು ಬ್ಯಾಡ ಮಾರಾಯಾ, ಹೈವೇ ಹಿಡಿ” ಅಂದೆ.

ಹೈವೇ ಅಂದರೆ ಆನಗೋಡಿನ ಮೇಲೆ. ಶಂಕರ್‌ನಾಗ್ ಅಭಿಮಾನಿಗಳಿಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಚಿತ್ರೀಕರಣಕ್ಕೆ ಹೊರಟಿದ್ದ ಅವರು, ಮೂವತ್ತೈದೇ ವರ್ಷದ ಆ ಚಿನಕುರುಳಿ, ಅಲ್ಲೇ ಅಪಘಾತದಲ್ಲಿ ತೀರಿಕೊಂಡರು. ಆಗ ಹದಿನೇಳರ ಹುಡುಗನಾಗಿದ್ದ ನನ್ನ ತಮ್ಮ ಹಟ ಹಿಡಿದು, ನನ್ನ ಲೂನಾ ಹಿಂದೆ ಕೂತು ಆ ಜಾಗಕ್ಕೆ ಬಂದಿದ್ದ. ರಸ್ತೆ ಬದಿಯಲ್ಲಿ ನಿಂತು “ಇಷ್ಟು ಅರ್ಜೆಂಟ್ ಏನಿತ್ತಣ್ಣಾ?” ಅಂತ ಅತ್ತಿದ್ದ. ಅದೇ ರಸ್ತೆಯಲ್ಲಿ ಈಗ ಅವನು ಅರ್ಜೆಂಟಿನಲ್ಲಿ ಬರುತ್ತಿದ್ದಾನೆ. ಡ್ರೈವರಿಗೆ ಹೇಳಿದೆ: “ಆನಗೋಡು ದಾಟೋತಂಕ ನಿಧಾನ.” ಅಲ್ಲಿಯವರೆಗೂ ಅಪ್ಪನ ವಿಷಯ ತಮ್ಮನಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಿಧಾನ ಅಂದದ್ದು ಕೇಳಿ ಅವನೇ ಫೋನು ಇಸಕೊಂಡು, “ನಿಧಾನ ಅಂದ್ರೆ... ಆತೇನಣ್ಣಾ?” ಅಂದ. ನಾನು “ಹ್ಞೂಂ” ಅಂದೆ.

ಇತ್ತ ಮನೆ ಮುಂದೆ ಜನ ತಾಳ್ಮೆ ಕಳಕೊಂಡಿದ್ದರು. ಹನ್ನೆರಡು ಅಂದದ್ದು ಎರಡಾಯಿತು, ಎರಡು ಅಂದದ್ದು ನಾಲ್ಕಾಯಿತು. ದೂರದಿಂದ ಬಂದವರಿಗೆ ಬಸ್ಸು ತಪ್ಪುತ್ತದೆ. ಗುಣಿ ತೋಡಿದವರು ಕಾದು ಕೂತಿದ್ದಾರೆ. ಭಜನೆಯವರು ಹಾಡಿ ಹಾಡಿ ಗಂಟಲು ಕಟ್ಟಿದೆ. “ಅವನೇನು ಬರ್ತಾನೋ ಇಲ್ಲೋ, ಫೋನಲ್ಲೇ ಮುಖ ತೋರಿಸ್ರಪ್ಪಾ” ಅಂತ ಒಬ್ಬರೆಂದರು. ಅವರದೂ ತಪ್ಪಲ್ಲ. ನಾನು ಯಾರಿಗೆ ಏನು ಹೇಳಲಿ? ಎರಡು ದಿನ ತಡಮಾಡಿದವನೇ ನಾನು.

ಆಗ ಎದ್ದವನು ಗೇಟಿನ ಮಾವ. ಬೆಳಿಗ್ಗೆಯೇ ಚನ್ನಗಿರಿಯಿಂದ ಬಂದು ಅಪ್ಪನ ಕಾಲ ಹತ್ತಿರ ಕೂತಿದ್ದವನು ಅಲ್ಲಾಡಿರಲಿಲ್ಲ. ಎಂಬತ್ತರ ಮೇಲಿನ ಜೀವ. ಕೋಲೂರಿ ಅಂಗಳದ ನಡುವೆ ಬಂದು ನಿಂತ. ಗೇಟಿನಲ್ಲಿ ಮೂವತ್ತು ವರ್ಷ ಜನರನ್ನು ತಡೆದ ಗಂಟಲು ಅದು. “ಈ ಮನುಷ್ಯ ನಿಮಗೆ ಎಷ್ಟು ವರ್ಷ ಆಟ ತೋರಿಸಿದಾನೆ? ಒಂದು ದಿನಾನೂ ಅರ್ಧಕ್ಕೆ ನಿಲ್ಲಿಸಿ ಮನೆಗೆ ಕಳಿಸಿದಾನಾ? ಕೂಡ್ರಿ ಎಲ್ಲಾ. ಹುಡುಗ ದಾರಿಯಲ್ಲಿದಾನೆ. ಬಂದೇ ಬರ್ತಾನೆ.”

ಜನ ಕೂತರು. ಯಾರೋ ಚಾ ಕಾಸಿದರು. ಹಳಬರು ಟೆಂಟಿನ ಕಥೆ ತೆಗೆದರು. ಯಾವ ಚಿತ್ರ ಎಷ್ಟು ದಿನ ಓಡಿತು, ಮಳೆ ಬಂದಾಗ ಯಾರು ಕಂಬ ಹಿಡಿದು ನಿಂತಿದ್ದರು, ಎಲ್ಲಾ. 1984ರ ರಾತ್ರಿಯ ಕಥೆಯೂ ಬಂತು. ಪಂಕ್ಚರ್ ಆಯಿತು ಅಂತ ಹೇಳಿದವರೇ ಎಲ್ಲರೂ. ಮಿರ್ಚಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಐದೂ ಇಪ್ಪತ್ತಕ್ಕೆ ಕಾರು ಬಂತು. ಹೊತ್ತು ಮುಳುಗೋಕೆ ಇನ್ನೊಂದು ಗಂಟೆಯೂ ಇರಲಿಲ್ಲ. ತಮ್ಮ ಇಳಿದ. ಕಾಲು ಊದಿ ಬೂಟು ಕೈಯಲ್ಲಿ ಹಿಡಿದಿದ್ದ. ಜನ ಎದ್ದು ದಾರಿ ಬಿಟ್ಟರು. ಅವನು ಅಪ್ಪನ ಮುಂದೆ ಕೂತು, ಏನೂ ಮಾತಾಡದೆ, ಹೂವಿನ ಹಾರ ಸರಿಸಿ ಅಪ್ಪನ ಕೈ ಹಿಡಿದ. ಬಲಗೈಯ ಹೆಬ್ಬೆರಳು, ತೋರುಬೆರಳು ಕಾರ್ಬನ್ ಕಡ್ಡಿ ಹಿಡಿದೂ ಹಿಡಿದೂ ಕಪ್ಪಾದವು, ಮೂವತ್ತು ವರ್ಷವಾದರೂ ಹೋಗಿರಲಿಲ್ಲ. ಅವೆರಡನ್ನೇ ಹಿಡಿದು ಕೂತ. ಆರು ಗಂಟೆಗೆ ಎತ್ತಿದೆವು. ಕೊನೇ ಬುಟ್ಟಿ ಮಣ್ಣು ಹಾಕುವಾಗ ಆಕಾಶ ಕೆಂಪಗಿತ್ತು.

ರಾತ್ರಿ ಮಲಗಿದಾಗ ನಿದ್ದೆ ಬರಲಿಲ್ಲ, ಲೆಕ್ಕ ಹಾಕಿದೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಫೋನು, ಗುರುವಾರ ಸಂಜೆ ಐದೂ ಇಪ್ಪತ್ತಕ್ಕೆ ಬಂದ. ಐವತ್ತೆಂಟು ಗಂಟೆ ಇಪ್ಪತ್ತು ನಿಮಿಷ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಎರಡೂ ವಿಮಾನ ಸೇರಿ ಹತ್ತೊಂಬತ್ತೂವರೆ ಗಂಟೆ. ಮಿಕ್ಕಿದ್ದೆಲ್ಲ ನೆಲದ ಮೇಲೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದ್ದರೆ? ಅದೇ ಐವತ್ತೆಂಟು ಗಂಟೆ ಇಪ್ಪತ್ತು ನಿಮಿಷ ಕೂಡಿಸಿ. ಮಂಗಳವಾರ ಸಂಜೆ ಐದೂ ಇಪ್ಪತ್ತು. “ಸಣ್ಣೋನು ಎಲ್ಲಿಗೆ ಬಂದ?” ಅಂತ ಅಪ್ಪ ಕೇಳಿದ್ದು ಆರೂವರೆಯ ಹೊತ್ತಿಗೆ.

ಮೂರನೇ ದಿನ ಇಬ್ಬರೂ ಜಗಲಿ ಮೇಲೆ ಕೂತಿದ್ದಾಗ ತಮ್ಮ ಕೇಳಿದ: “ಅಣ್ಣಾ, ಅಪ್ಪಂಗೆ ಯಾವತ್ತು ಶುರುವಾತು?”

“ಸೋಮವಾರ ರಾತ್ರಿ. ಬೆಳಗಾದ ಕೂಡ್ಲೇ ನಿಂಗೆ ಫೋನ್ ಮಾಡಿದ್ನಲ್ಲ.”

ಅವನು ತಲೆ ಆಡಿಸಿದ. ಒಳಗೆ ಗೂಡಿನಲ್ಲಿ ಅಪ್ಪನ ಕನ್ನಡಕ, ಮಾತ್ರೆ ಡಬ್ಬಿ, ಊರಿನ ಡಾಕ್ಟರು ಬರೆದ ಚೀಟಿ ಎಲ್ಲಾ ಹಾಗೇ ಇತ್ತು. ಚೀಟಿಯ ಮೇಲೆ ಭಾನುವಾರದ ತಾರೀಖು. ಸಂಜೆ ಅವನು ಕನ್ನಡಕ ತೆಗೆದುಕೊಳ್ಳೋಕೆ ಅಲ್ಲಿಗೆ ಹೋಗಿದ್ದ. ಕನ್ನಡಕ ತಗೊಂಡು ಹೋಗುತ್ತೇನೆ ಅಂದ, ಒರೆಸಿ ಜೇಬಿಗೆ ಹಾಕಿಕೊಂಡ. ಚೀಟಿ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ವಾರ ಇದ್ದು ಹೋದ. ಕಾರು ಹತ್ತುವಾಗ ಈ ಸಲ ಏನೂ ಹೇಳಲಿಲ್ಲ. ಫೋನು ವಾರಕ್ಕೊಂದು ಸಲ ಈಗಲೂ ಮಾಡುತ್ತಾನೆ.

ನಿಮ್ಮ ಪತ್ರಿಕೆ ಹೊನ್ನಾಳಿ ಬಸ್‌ಸ್ಟ್ಯಾಂಡಿನವರೆಗೆ ಬರುತ್ತದೆ, ಅಮೆರಿಕಕ್ಕೆ ಹೋಗೋದಿಲ್ಲ. ಇದು ಅಚ್ಚಾದ ವಾರ ಎರಡು ಪ್ರತಿ ಕೊಳ್ಳುತ್ತೇನೆ. ಒಂದು ಗೇಟಿನ ಮಾವನಿಗೆ ಓದಿ ಹೇಳೋಕೆ ಚನ್ನಗಿರಿಗೆ. ಇನ್ನೊಂದರ ಪುಟಗಳ ಫೋಟೋ ತೆಗೆದು ತಮ್ಮನಿಗೆ ಕಳಿಸುತ್ತೇನೆ. ಅದು ಹೋಗೋಕೆ ಒಂದು ಸೆಕೆಂಡು ಸಾಕು. ಅವನು ಎದ್ದು ಓದೋ ಹೊತ್ತಿಗೆ ಇಲ್ಲಿ ರಾತ್ರಿಯಾಗಿರುತ್ತದೆ. ಫೋನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.